ನಿಮ್ಮ ‘ಕಪ್ಪು ಮಸಿಯ ಹಿಂದೆ’ ಲೇಖನದ ಬಗ್ಗೆ

ಆತ್ಮೀಯರೇ,

2001ರ ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಯಾಕೆಂದರೆ ಒಂಬತ್ತನೇ ಪುಟ ಚೆನ್ನಾಗಿದೆ. ಅದರ ಮಾತು ಆಮೇಲೆ.

ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳನ್ನು ಒಳಗಿನವರೇ ಸ್ಫೋಟಕ ಇಟ್ಟು ಉರುಳಿಸಿದರು, ಬಯಲಾದ ಸರ್ಕಾರಿ ಕಡತಗಳೇ ಸಾಕ್ಷಿ ಎನ್ನುತ್ತೀರಿ. ಆದರೆ ನೀವು ತೋರಿಸುವುದು ಬಿಡುಗಡೆಗೆ ಮುಂಚೆ ಓದದಂತೆ ಕಪ್ಪು ಮಸಿ ಬಳಿದ ಸಾಲುಗಳನ್ನು. ಮುಚ್ಚಿದ ಸಾಲಿನಲ್ಲಿ ಮಾಹಿತಿದಾರನ ಹೆಸರೂ ಇರಬಹುದು, ಅಧಿಕಾರಿಯ ಎಡವಟ್ಟೂ ಇರಬಹುದು. ನೀವು ಮಾತ್ರ ಪ್ರತಿ ಸಲವೂ ನಿಮಗೆ ಬೇಕಾದ್ದನ್ನೇ ಅಲ್ಲಿ ಓದುತ್ತೀರಿ.

ನೀವು ನೆಚ್ಚಿಕೊಂಡ ‘28 ಪುಟ’ಗಳನ್ನೇ ನೋಡಿ. ಅಮೆರಿಕದ ಸಂಸತ್ತಿನ ಜಂಟಿ ತನಿಖೆ 2002ರಲ್ಲಿ ಬರೆದ ಆ ಭಾಗ ಹೊರಗೆ ಬಂದದ್ದು 2016ರ ಜುಲೈನಲ್ಲಿ. ಅದು ಇರುವುದು ವಿಮಾನ ಅಪಹರಣಕಾರರಿಗೆ ಸಿಕ್ಕಿರಬಹುದಾದ ಸೌದಿ ನೆರವಿನ ಬಗ್ಗೆ. ಈ ಸುಳಿವುಗಳನ್ನು ಕೊನೆಮುಟ್ಟ ಪರೀಕ್ಷಿಸುವುದು ನಮ್ಮ ಕೆಲಸವಲ್ಲ ಎಂದು ಬರೆದವರೇ ಹೇಳಿದ್ದಾರೆ. ನೀವು ಆ ಮಾತನ್ನು ಬಿಟ್ಟುಬಿಟ್ಟಿದ್ದೀರಿ. ಠಾಣೆಗೆ ದೂರು ಬಂದ ಮಾತ್ರಕ್ಕೆ ಆರೋಪ ಸಾಬೀತಾಗುತ್ತದೆಯೇ? ಹೋಗಲಿ, ಸೌದಿ ನಂಟು ಪೂರ್ತಿ ನಿಜ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಕಟ್ಟಡದಲ್ಲಿ ಬಾಂಬ್ ಇತ್ತು ಅಂತಾಗುವುದಿಲ್ಲ, ಅಲ್ವಾ?

ಗೋಪುರಗಳ ಪಕ್ಕದಲ್ಲೇ ಇದ್ದ, ಅದೇ ದಿನ ಉರುಳಿದ ಏಳನೇ ಕಟ್ಟಡದ ಬಗ್ಗೆ ಮೂರು ಪುಟ ಬರೆದಿದ್ದೀರಿ. 47 ಅಂತಸ್ತಿನ ಆ ಕಟ್ಟಡ ಬಿದ್ದದ್ದು ಸಂಜೆ 5.20ರ ಹೊತ್ತಿಗೆ. ಗಂಟೆಗಟ್ಟಲೆ ಉರಿದಿತ್ತು, ಬೆಂಕಿ ನಂದಿಸಲು ನೀರೂ ಇರಲಿಲ್ಲ. ಬೀಳುತ್ತದೆಂದು ಗೊತ್ತಾಗಿ ಅಗ್ನಿಶಾಮಕ ದಳ ಮೊದಲೇ ಜನರನ್ನು ದೂರ ಸರಿಸಿತ್ತು. ಶಾಖಕ್ಕೆ ತೊಲೆಗಳು ಹಿಗ್ಗಿ 79ನೇ ಕಂಬ ಆಸರೆ ಕಳೆದುಕೊಂಡಿತು ಎಂಬುದು ಅಮೆರಿಕದ ಸರ್ಕಾರಿ ತಾಂತ್ರಿಕ ಸಂಸ್ಥೆ ಎನ್‌ಐಎಸ್‌ಟಿಯ 2008ರ ವರದಿಯ ತೀರ್ಮಾನ. ಒಪ್ಪದಿದ್ದರೆ ಅದಕ್ಕೇ ಉತ್ತರ ಕೊಡಿ. ವರದಿಯ ಹೆಸರನ್ನೇ ಎತ್ತದೆ ಮುಂದೆ ಹೋಗಬೇಡಿ.

ಈಗ ಒಂಬತ್ತನೇ ಪುಟ. ಅಪಹರಣಕಾರರಲ್ಲಿ ಇಬ್ಬರಾದ ನವಾಫ್ ಅಲ್ ಹಜ್ಮಿ ಮತ್ತು ಖಾಲಿದ್ ಅಲ್ ಮಿಹ್ದಾರ್ 2000ದ ಜನವರಿ 15ರಂದು ಲಾಸ್ ಏಂಜಲೀಸ್‌ಗೆ ಬಂದಿಳಿದರು. ಮಿಹ್ದಾರ್ ಬಳಿ ಅಮೆರಿಕದ ವೀಸಾ ಇರುವುದು ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಗೆ ಆಗಲೇ ಗೊತ್ತಿತ್ತು. ಹಜ್ಮಿ ಬಂದಿಳಿದ ಸುದ್ದಿಯೂ ಮಾರ್ಚ್‌ನಲ್ಲಿ ತಲುಪಿತು. ಸ್ಯಾನ್ ಡಿಯೇಗೊದಲ್ಲಿ ಅವರು ಸ್ವಲ್ಪ ಕಾಲ ಬಾಡಿಗೆಗಿದ್ದದ್ದು ದೇಶದೊಳಗಿನ ತನಿಖಾ ಸಂಸ್ಥೆ ಎಫ್‌ಬಿಐನ ಮಾಹಿತಿದಾರನ ಮನೆಯಲ್ಲೇ! ಹಜ್ಮಿಯ ಹೆಸರು, ವಿಳಾಸ ಊರಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಅಚ್ಚಾಗಿತ್ತು. ಇಬ್ಬರ ಹೆಸರೂ ನಿಗಾ ಪಟ್ಟಿಗೆ ಸೇರಿದ್ದು 2001ರ ಆಗಸ್ಟ್ ಕೊನೆಗೆ. ಮುಂದಿನ ತಿಂಗಳು ಅಮೆರಿಕದ ರಕ್ಷಣಾ ಕಚೇರಿ ಪೆಂಟಗಾನ್‌ಗೆ ಬಡಿದ ವಿಮಾನದಲ್ಲಿ ಇವರಿದ್ದರು.

2007ರಲ್ಲಿ ಹೊರಬಂದ ಸಿಐಎ ಆಂತರಿಕ ವರದಿಯ ಸಾರಾಂಶದ ಪ್ರಕಾರ, ಈ ಇಬ್ಬರ ಬಗೆಗಿನ ಸಂದೇಶಗಳಲ್ಲಿ ಒಂದನ್ನಾದರೂ ಓದಿದ್ದವರು 50ರಿಂದ 60 ಮಂದಿ. ಅಷ್ಟು ಜನರ ಕಣ್ಣಿಗೆ ಬಿದ್ದ ಕಾಗದ ಪಕ್ಕದ ಇಲಾಖೆಯಾದ ಎಫ್‌ಬಿಐಗೆ ಸಕಾಲಕ್ಕೆ ಹೋಗಲಿಲ್ಲ. ಯಾಕೆ? ನಿಮ್ಮ ಬಾಂಬ್ ಕಥೆಗಿಂತ ನನಗೆ ಈ ಪ್ರಶ್ನೆಯೇ ಜಾಸ್ತಿ ಭಯ ಹುಟ್ಟಿಸುತ್ತದೆ. ನೀವು ಇದನ್ನು ಎಂಟು ಸಾಲಿನಲ್ಲಿ ಮುಗಿಸಿ ಮತ್ತೆ ಸ್ಫೋಟಕಕ್ಕೆ ಓಡಿದ್ದೀರಿ.

ಈ ಇಬ್ಬರಿಗೆ ಮನೆ ಹುಡುಕಿಕೊಟ್ಟ ಸೌದಿ ಪ್ರಜೆ ಒಮರ್ ಅಲ್ ಬಯೂಮಿಯನ್ನು ‘ಸೂತ್ರಧಾರ’ ಎಂದು ಕರೆದಿದ್ದೀರಿ. ದಾಳಿಯ ತನಿಖೆ ನಡೆಸಿ 2004ರಲ್ಲಿ ವರದಿ ಕೊಟ್ಟ ಆಯೋಗ ಆತನ ಬಗ್ಗೆ ಹಾಗೆ ಹೇಳಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಎಫ್‌ಬಿಐ ಕಡತದಲ್ಲಿ ಅನುಮಾನಗಳು ಹೆಚ್ಚಿವೆ. ಎರಡನ್ನೂ ಪಕ್ಕಪಕ್ಕ ಇಡಿ, ಓದುಗರು ದಡ್ಡರಲ್ಲ.

‘ಎಲ್ಲರಿಗೂ ಗೊತ್ತಿರುವ ಹಾಗೆ’ ಎಂಬುದನ್ನು ಎಲ್ಲ ಕಡೆಯೂ ಹೊಡೆದುಹಾಕಿ. ಶೀರ್ಷಿಕೆಯೂ ಬೇರೆ ಬೇಕು. ಒಂಬತ್ತನೇ ಪುಟದಿಂದಲೇ ಶುರು ಮಾಡಿ ಹೊಸದಾಗಿ ಬರೆಯಿರಿ. ಪ್ರತಿ ಸಂಗತಿಯ ಪಕ್ಕ ಯಾವ ಕಡತ, ಎಷ್ಟನೇ ಪುಟ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿ. ಅಚ್ಚಿಗೆ ಹೋಗುವಾಗ ತೆಗೆಯೋಣ, ಅದು ನನಗೆ ಬೇಕು.

— ಸಂಪಾದಕ