ಇರಾನಿನವರು, ಟರ್ಕಿಯವರು ಎಲ್ಲರೂ ಅರಬರೇನಾ?

ಅಲ್ಲ. ಮೂರೂ ಕಡೆ ಮುಸ್ಲಿಮರೇ ಜಾಸ್ತಿ, ಅದಕ್ಕೇ ಈ ಗೊಂದಲ. ಭಾಷೆ ನೋಡಿದರೆ ಮೂರೂ ಬೇರೆ ಬೇರೆ ಮನೆತನ. ಅರಬ್ಬಿ ಹೀಬ್ರೂವಿನ ನೆಂಟ. ಇರಾನಿನ ಪರ್ಷಿಯನ್ ನಮ್ಮ ಹಿಂದಿ, ಸಂಸ್ಕೃತದ ಕಡೆಯದು. ಟರ್ಕಿಶ್ ಮಧ್ಯ ಏಷ್ಯಾದಿಂದ ಬಂದದ್ದು, ಉಜ್ಬೆಕ್, ಕಜಕ್ ಅದರ ಬಳಗ.

ಲಿಪಿ ನೋಡಿ ಮೋಸ ಹೋಗಬೇಡಿ. ಪರ್ಷಿಯನ್ನರು ಅರಬ್ಬಿ ಲಿಪಿ ತಗೊಂಡರೂ ‘ಪ’, ‘ಚ’, ‘ಗ’ ತರಹದ ದನಿಗಳಿಗೆ ನಾಲ್ಕು ಅಕ್ಷರ ಸೇರಿಸಿಕೊಂಡರು. ಟರ್ಕಿಯಂತೂ 1928ರಲ್ಲಿ ಆ ಲಿಪಿಯನ್ನೇ ಬಿಟ್ಟು ಲ್ಯಾಟಿನ್‌ಗೆ ಹೋಯಿತು.

ಇನ್ನು ಒಂದು ದೇಶದೊಳಗೆ ಒಂದೇ ಜನ ಅಂತಲೂ ಇಲ್ಲ. ಇರಾನಿನ ತಬ್ರೀಜ್‌ನಲ್ಲಿ ಮನೆಮಾತು ಅಜೆರಿ, ಅದು ಟರ್ಕಿಶ್‌ಗೆ ತುಂಬಾ ಹತ್ತಿರ. ಅದೇ ದೇಶದ ಖುಜೆಸ್ತಾನದಲ್ಲಿ ಅರಬರಿದ್ದಾರೆ. ಕುರ್ದರು ಅನ್ನುವ ಇನ್ನೊಂದು ಬೇರೆಯೇ ಜನ ಟರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. 1187ರಲ್ಲಿ ಜೆರುಸಲೇಮ್ ಗೆದ್ದ ಸಲಾದಿನ್‌ನನ್ನು ಸುಮಾರು ಜನ ಅರಬ ಅಂದುಕೊಳ್ಳುತ್ತಾರೆ, ಆದರೆ ಅವನು ಕುರ್ದ. ಅರಬರೆಲ್ಲ ಮುಸ್ಲಿಮರು ಅನ್ನುವುದೂ ತಪ್ಪು. ಲೆಬನಾನ್‌ನಲ್ಲಿ ಅರಬ್ಬಿ ಮಾತಾಡುವ ಕ್ರೈಸ್ತರು ಬೇಕಾದಷ್ಟು ಜನ ಇದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬ್ರಾಹುಯಿಗಳು. ಹೆಚ್ಚಿನವರು ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಕೆಲವರು ಇರಾನ್, ಅಫ್ಘಾನಿಸ್ತಾನದಲ್ಲಿ. ಅಷ್ಟು ದೂರದಲ್ಲಿದ್ದರೂ ಅವರ ಮಾತು ಕನ್ನಡದ ಹಾಗೆ ದ್ರಾವಿಡ ಭಾಷೆ! ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’ ಅನ್ನುತ್ತಾರೆ. ನಾಲ್ಕರಿಂದ ಮಾತ್ರ ‘ಚಾರ್’, ‘ಪಂಚ್’ ಅಂತ ನೆರೆಯವರಿಂದ ಎರವಲು ತಂದಿದ್ದಾರೆ.