ಸರ್ಟಿಫಿಕೇಟ್ ಬಂದ ಮೇಲೂ ಯಾಕೆ ಹೋಗ್ತೀರಿ?

ಓದುಗರ ಪತ್ರ:

ನಾನು ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಪ್ರತಿ ಶನಿವಾರ ಮೂರು ಗಂಟೆ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದುಡ್ಡೇನೂ ಇಲ್ಲ. ಸರ್ಟಿಫಿಕೇಟ್ ಸಿಗುತ್ತದೆ ಅಂತಲೇ ಸೇರಿದ್ದು. ಅದು ಆರು ತಿಂಗಳ ಹಿಂದೆಯೇ ಕೈಗೆ ಬಂತು. ಆದರೂ ಹೋಗುತ್ತಿದ್ದೇನೆ. "ಅದರಿಂದ ನಿನಗೇನು ಸಿಗುತ್ತೆ? ಆ ಹೊತ್ತಲ್ಲಿ ಓದಬಾರದಾ?" ಅಂತ ಮನೆಯಲ್ಲಿ ಕೇಳುತ್ತಾರೆ. ನನಗೆ ಉತ್ತರ ಹೊಳೆಯುವುದಿಲ್ಲ. ವಾಪಸ್ ಬರುವಾಗ ಮಕ್ಕಳಿಗಿಂತ ನಾನೇ ಜಾಸ್ತಿ ಖುಷಿಯಲ್ಲಿರುತ್ತೇನೆ. ಇದು ಸೇವೆಯೋ ಸ್ವಾರ್ಥವೋ? ಕಳೆದ ವಾರ ಒಬ್ಬಳು ಪುಟ್ಟಿ, "ಅರ್ಧದಿಂದ ಭಾಗಿಸಿದರೆ ಉತ್ತರ ದೊಡ್ಡದಾಗೋದು ಯಾಕೆ?" ಅಂದಳು. ನನಗೆ ಬಾಯಿ ಕಟ್ಟಿಹೋಯಿತು.
(ಹೆಸರು ಬೇಡ ಎಂದಿರುವ ವಿದ್ಯಾರ್ಥಿನಿ)

ಸಂಪಾದಕರ ಉತ್ತರ:

ಸ್ವಾರ್ಥವೇ ಇರಲಿ ಬಿಡಿ. ಮಕ್ಕಳಿಗೆ ಅದರಿಂದ ನಷ್ಟವೇನೂ ಆಗಿಲ್ಲವಲ್ಲ. ಸರ್ಟಿಫಿಕೇಟಿಗೆ ಸೇರಿದೆ ಅಂತ ಸಂಕೋಚವೂ ಬೇಡ. ನಾನು ಸೇರಿದ್ದು ಇನ್ನೂ ಸಣ್ಣ ಕಾರಣಕ್ಕೆ. ನನ್ನ ಗೆಳೆಯ ಸೇರಿದ್ದ. ಅವನಿಲ್ಲದೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ.

ಕೆಲಸ ಏನಪ್ಪಾ ಅಂದರೆ, ಕಣ್ಣು ಕಾಣದ ಒಬ್ಬ ವಿದ್ಯಾರ್ಥಿಗೆ ಪಠ್ಯಪುಸ್ತಕ ಓದಿ ಹೇಳುವುದು. ವಾರಕ್ಕೆ ಎರಡು ಸಂಜೆ. ಅವನು ನನಗಿಂತ ಒಂದು ವರ್ಷ ಚಿಕ್ಕವನು. ನಾನು ಓದುತ್ತಿದ್ದೆ, ಅವನು ಬ್ರೈಲ್ ಸ್ಲೇಟಿನಲ್ಲಿ ದಪ್ಪ ಕಾಗದ ಸಿಕ್ಕಿಸಿ ಟಕ್ ಟಕ್ ಅಂತ ಚುಚ್ಚಿಕೊಳ್ಳುತ್ತಿದ್ದ. ಬಲದಿಂದ ಎಡಕ್ಕೆ ಚುಚ್ಚಬೇಕು. ಕಾಗದ ತಿರುಗಿಸಿದರೆ ಚುಕ್ಕಿಗಳು ಉಬ್ಬಿಕೊಂಡು, ಬೆರಳಾಡಿಸಿ ಎಡದಿಂದ ಬಲಕ್ಕೆ ಓದಲು ಬರುತ್ತವೆ. ಅಂದರೆ ಪ್ರತಿ ಅಕ್ಷರವನ್ನೂ ತಿರುಗುಮುರುಗಾಗಿ ಬರೆಯಬೇಕು, ಅದೂ ನನ್ನ ಓದಿನ ವೇಗಕ್ಕೆ. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಓದುತ್ತಿದ್ದ ಲೂಯಿ ಬ್ರೈಲ್ 1824ರಲ್ಲಿ ಈ ಲಿಪಿ ರೂಪಿಸಿದಾಗ ಅವನಿಗೆ 15 ವರ್ಷ. ಇದನ್ನೂ ನನಗೆ ಹೇಳಿದ್ದು ಆ ಹುಡುಗನೇ. ಅವನಿಗೆ ಉಪಕಾರ ಮಾಡಲು ಬಂದವನು ನಾನು ಅಂದುಕೊಂಡಿದ್ದೆ ನೋಡಿ!

ಒಂದು ಸಂಜೆ ಅರ್ಥಶಾಸ್ತ್ರದ ಪಾಠ. ಬೇಡಿಕೆ, ಪೂರೈಕೆ, ಪಕ್ಕದಲ್ಲಿ ಒಂದು ನಕ್ಷೆ. ನಾನು "ಚಿತ್ರ ನೋಡಿ" ಅಂತ ಓದಿ ಮುಂದಕ್ಕೆ ಹೋದೆ. "ನಿಲ್ಲು, ಚಿತ್ರದಲ್ಲಿ ಏನಿದೆ?" ಅಂದ. ಒಂದು ಗೆರೆ ಇಳಿಯುತ್ತೆ, ಇನ್ನೊಂದು ಏರುತ್ತೆ ಅಂದೆ. "ಯಾವ ಕಡೆಯಿಂದ? ಮೆಟ್ಟಿಲ ಥರವೋ, ಜಾರುಬಂಡಿ ಥರವೋ? ಯಾಕೆ ಇಳಿಯುತ್ತೆ?" ನಾನು ತಡವರಿಸಿದೆ. ಅದೇ ಪಾಠದ ಪರೀಕ್ಷೆಯಲ್ಲಿ ಹಿಂದಿನ ವರ್ಷ ಒಳ್ಳೆ ಅಂಕ ತೆಗೆದಿದ್ದವನು ನಾನು. ಕೊನೆಗೆ ಅವನ ಅಂಗೈ ಬಿಡಿಸಿ, ಬೆರಳಿನಿಂದ ಎರಡು ಗೆರೆ ಎಳೆದೆ. ಅವು ಕೂಡುವ ಕಡೆ ಬೆರಳು ನಿಂತಿತು. "ಓ, ಬೆಲೆ ಬಂದು ನಿಲ್ಲೋದು ಇಲ್ಲೇನಾ?" ಅಂದ. ಆ ಕ್ಷಣದವರೆಗೆ ಅದು ನನಗೂ ಅರ್ಥವಾಗಿರಲಿಲ್ಲ. ಸುಮ್ನೆ ಬಾಯಿಪಾಠ ಮಾಡಿದ್ದೆ.

ಮನೆಯವರಿಗೆ ಹೇಳಲು ಒಂದು ಉತ್ತರ ಬೇಕಿದ್ದರೆ ಇದನ್ನು ಹೇಳಿ. ಆ ಮೂರು ಗಂಟೆ ನೀವೂ ಓದುತ್ತಲೇ ಇರುತ್ತೀರಿ. ಒಬ್ಬರೇ ಕೂತು ಓದುವಾಗ ಗೊತ್ತಿಲ್ಲದ್ದನ್ನು ಮೆಲ್ಲಗೆ ದಾಟಿಕೊಂಡು ಹೋಗಬಹುದು. ಎದುರಿಗೆ ಒಬ್ಬ ಪುಟ್ಟಿ ಕೂತಿದ್ದರೆ ಆಗಲ್ಲ.

ಇನ್ನೊಂದು ಲಾಭ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ವಾಕ್ಯ ತೀರಾ ಉದ್ದವಾದರೆ ಅವನು ಕೈ ಎತ್ತುತ್ತಿದ್ದ. "ಇದರ ಬಾಲ ಸಿಕ್ಕಲಿಲ್ಲ, ತಲೆಯಿಂದ ಓದು" ಅನ್ನುತ್ತಿದ್ದ. ಹೀಗೆ ಎರಡು ವರ್ಷ. ಇವತ್ತಿಗೂ ಈ ಪತ್ರಿಕೆಗೆ ಬರುವ ಪ್ರತಿ ಬರಹವನ್ನು ನಾನು ಗಟ್ಟಿಯಾಗಿ ಓದಿಯೇ ತಿದ್ದುವುದು. ಪಕ್ಕದ ಮೇಜಿನವರಿಗೆ ಅದೊಂದು ಕಾಟ. ಆದರೆ ನನ್ನ ಕಸುಬು ನಾನು ಕಲಿತದ್ದು ಆ ಬೆಂಚಿನ ಮೇಲೆ. ಸರ್ಟಿಫಿಕೇಟ್ ನನಗೂ ಕೊಟ್ಟಿದ್ದರು. ಎಲ್ಲಿಟ್ಟೆನೋ ನೆನಪಿಲ್ಲ.

ನಾಚಿಕೆಯ ಪ್ರಸಂಗವೂ ಒಂದಿದೆ. ಒಂದು ಸಂಜೆ ಕ್ರಿಕೆಟ್ ಆಡುತ್ತಾ ಉಳಿದುಬಿಟ್ಟೆ, ಹೇಳಿಯೂ ಕಳಿಸಲಿಲ್ಲ. ಅವನು ಸ್ಲೇಟಿಗೆ ಕಾಗದ ಸಿಕ್ಕಿಸಿಕೊಂಡು ಎರಡು ಗಂಟೆ ಕಾದಿದ್ದ. ಬೈಯಲಿಲ್ಲ. "ಮುಂದಿನ ಸಲ ಬರಲ್ಲ ಅಂತ ಹೇಳಿಬಿಡು. ನಾನು ಮಲಗಿಕೊಂಡಾದರೂ ಇರ್ತೀನಿ" ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. "ಆಗಲ್ಲ" ಅಂತ ಮೊದಲೇ ಹೇಳುವುದು ನನಗೆ ಬಂದದ್ದು ಅಲ್ಲಿಂದ.

ಹೊತ್ತು ಹಾಳು ಅನ್ನುವ ಮಾತಿಗೆ ಬರೋಣ. 2012ರಲ್ಲಿ ಕ್ಯಾಸಿ ಮೋಗಿಲ್ನರ್, ಜೋಯಿ ಚಾನ್ಸ್, ಮೈಕೆಲ್ ನಾರ್ಟನ್ ಎಂಬ ಮೂವರು ಸಂಶೋಧಕರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಪ್ರಯೋಗದಲ್ಲಿ ಕೆಲವರಿಗೆ ಹೈಸ್ಕೂಲು ಮಕ್ಕಳ ಪ್ರಬಂಧ ತಿದ್ದಿಕೊಡುವ ಕೆಲಸ ಕೊಟ್ಟರು. ಉಳಿದವರಿಗೆ "ನೀವು ಬೇಗ ಮನೆಗೆ ಹೋಗಬಹುದು" ಅಂದರು. ಆಮೇಲೆ ಕೇಳಿದರೆ, ಕೈಯಲ್ಲಿ ಜಾಸ್ತಿ ಸಮಯ ಇದೆ ಅಂದವರು ಪ್ರಬಂಧ ತಿದ್ದಿದವರು! ಗಡಿಯಾರವೇನೂ ನಿಧಾನವಾಗಿರಲಿಲ್ಲ. ಆದರೆ ಒಂದು ಕೆಲಸ ತನ್ನ ಕೈಯಲ್ಲಿ ಆಯಿತು ಅಂತ ಅನಿಸಿದಾಗ, ಮುಂದಿನದಕ್ಕೂ ಹೊತ್ತು ಸಿಗುತ್ತದೆ ಅನ್ನುವ ಧೈರ್ಯ ಬರುತ್ತದೆ ಅನ್ನುವುದು ಅವರ ವಿವರಣೆ. ಶನಿವಾರ ಸಂಜೆ ನೀವು ಓದಲು ಕೂತಾಗ ಹೇಗಿರುತ್ತೆ, ಗಮನಿಸಿ ನೋಡಿ.

ಆರೋಗ್ಯದ ಲೆಕ್ಕವೂ ಇದೆ. ಕೆನಡಾದ 106 ಹೈಸ್ಕೂಲು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸುಮಾರು ಎರಡು ತಿಂಗಳು, ವಾರಕ್ಕೊಮ್ಮೆ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡಿದವರಲ್ಲಿ ಕೊಲೆಸ್ಟರಾಲ್ ಇತರರಿಗಿಂತ ಕಡಿಮೆ ಇತ್ತಂತೆ. ಇದನ್ನು ಮನೆಯಲ್ಲಿ ಹೇಳಬೇಡಿ. "ಹಾಗಾದರೆ ವಾಕಿಂಗ್ ಹೋಗು" ಅಂದಾರು.

ಎಲ್ಲ ಕಡೆಯೂ ಹೀಗೇ ಅಂತ ನಾನು ಹೇಳುವುದಿಲ್ಲ. ಒಂದು ಸಂಸ್ಥೆಯವರು ನಮ್ಮನ್ನು ಇಡೀ ಬೆಳಿಗ್ಗೆ ಬ್ಯಾನರ್ ಹಿಡಿಸಿ ನಿಲ್ಲಿಸಿದರು, ಫೋಟೊ ತೆಗೆದರು, ಕಳಿಸಿದರು. ಅವತ್ತು ನನಗೆ ಸಿಕ್ಕಿದ್ದು ಕಾಲುನೋವು. ಕೆಲಸದಲ್ಲಿ ನಿಮ್ಮೆದುರಿಗೆ ಒಬ್ಬ ಮನುಷ್ಯ ಇಲ್ಲದಿದ್ದರೆ, ಅಥವಾ ನೀವು ಹೋಗದಿದ್ದರೂ ಯಾರಿಗೂ ಗೊತ್ತಾಗುವುದೇ ಇಲ್ಲ ಅಂತಿದ್ದರೆ, ಅಲ್ಲಿಂದ ಬಿಟ್ಟು ಬನ್ನಿ. ನಿಮ್ಮ ಶನಿವಾರಗಳು ಹಾಗಿಲ್ಲ ಅನ್ನುವುದು ಪತ್ರದಲ್ಲೇ ಕಾಣುತ್ತದೆ.

ಪರೀಕ್ಷೆ ಬಂದಾಗ ಎರಡು ಮೂರು ವಾರ ಬಿಡಿ, ತಪ್ಪೇನಿಲ್ಲ. ಆದರೆ ತಾರೀಖನ್ನು ಈಗಲೇ ಹೇಳಿಡಿ, ಮಕ್ಕಳಿಗೂ ಹೇಳಿ. ಅವರೂ ಕಾಯುತ್ತಾರೆ, ಅಲ್ವಾ?

ನಿಮ್ಮ ಪತ್ರ ಓದಿದ ಮೇಲೆ ನಾನು ಮೂರು ಹಾಳೆ ತೆಗೆದುಕೊಂಡು ಅರ್ಧರ್ಧ ಹರಿದೆ. ಮೂರರಲ್ಲಿ ಎಷ್ಟು ಅರ್ಧಗಳಿವೆ? ಆರು. ಸರಿ, ಇದು ಹೊಳೆಯಿತು ಅಂತ ಹಿಗ್ಗಿದೆ. ಆಮೇಲೆ ನೆನಪಾಯಿತು, ಆ ಪುಟ್ಟಿ ಅಷ್ಟಕ್ಕೇ ಬಿಡುವವಳಲ್ಲ. "ತುಂಡು ಜಾಸ್ತಿ ಆಯ್ತು, ಕಾಗದ ಜಾಸ್ತಿ ಆಯ್ತಾ?" ಅಂತ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಏನು ಹೇಳಿದಿರಿ ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.