ಕ್ಲಾಸಿಗೆ ಹೋಗುವ ಮಕ್ಕಳ ಗಣಿತ

ಮುಂಬಯಿಯ ಶಾಲೆಯೊಂದರಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನ್ನ ಬಳಿಗೆ ಪ್ರತಿ ಜುಲೈ ತಿಂಗಳಲ್ಲಿ ಒಂದೇ ಬೇಡಿಕೆ ಹೊತ್ತ ಪಾಲಕರು ಬರುತ್ತಾರೆ: ಮೂರನೆಯ ಅಥವಾ ನಾಲ್ಕನೆಯ ತರಗತಿಯ ತಮ್ಮ ಮಗುವನ್ನು ಗಣಿತದ ಅಡ್ವಾನ್ಸ್ಡ್ ಬ್ಯಾಚಿಗೆ ಸೇರಿಸಬೇಕು. ಸೇರಿಸಿ ಎನ್ನುವವರನ್ನು ಬಹಳ ಕಂಡಿದ್ದೇನೆ; ಸೇರಬಹುದಾಗಿದ್ದೂ ಹೊರಗುಳಿದ ಮಗುವಿನ ಪರವಾಗಿ ಬಂದವರನ್ನು ಕಂಡಿದ್ದು ಅಪರೂಪ. ಆ ಮಕ್ಕಳ ಮನೆಯವರಿಗೆ ಅಂಥದೊಂದು ಬ್ಯಾಚ್ ಇದೆಯೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಅಂಥ ಒಬ್ಬಳ ವಿಷಯವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಅವಳನ್ನು ಹೊರಗಿಟ್ಟ ಪಟ್ಟಿಗೆ ನನ್ನದೂ ಸಹಿ ಇತ್ತು.

ಅವಳನ್ನು ರೇವತಿ ಎನ್ನೋಣ. ನಾಲ್ಕನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ತಂದೆ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಈಗ ಅದೇ ಕಸುಬಿನಲ್ಲಿ ಅಡುಗೆಯವರಾಗಿದ್ದಾರೆ. ತಾಯಿ ಮನೆಯಲ್ಲೇ ಚಪಾತಿ ಲಟ್ಟಿಸಿ ಕಚೇರಿಗೆ ಹೋಗುವವರಿಗೆ ಡಬ್ಬಾ ಕಟ್ಟಿಕೊಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆಂದು ಕಾದಿರಿಸಿದ ಶೇ. 25ರ ಸೀಟುಗಳಲ್ಲಿ ಮಗುವಿಗೆ ಪ್ರವೇಶ ಸಿಕ್ಕಿತ್ತು. ಆಗಸ್ಟಿನಲ್ಲಿ ತರಗತಿಯ ಶಿಕ್ಷಕಿ ಅವಳನ್ನು ನನ್ನ ಬಳಿ ಕಳಿಸಲು ಕಾರಣ ಹೊಟ್ಟೆನೋವು. ಅದು ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಅದೂ ಅಡ್ವಾನ್ಸ್ಡ್ ಬ್ಯಾಚಿನ ಹದಿನೆಂಟು ಮಕ್ಕಳು ಪುಸ್ತಕ ಎತ್ತಿಕೊಂಡು ಎದ್ದು ಬೇರೆ ಕೋಣೆಗೆ ಹೋಗುವ ಗಣಿತದ ಪೀರಿಯಡ್ಡಿನಲ್ಲಿ ಬರುತ್ತಿತ್ತು. ಗಣಿತದ ಹೋಂವರ್ಕ್ ಖಾಲಿ ಇರುತ್ತಿತ್ತು.

ಮೊದಲ ಎರಡು ಭೇಟಿಗಳಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ಮೂರನೆಯ ಸಲ ತಾಯಿಯೂ ಬಂದಿದ್ದರು. ಮಾತಿಗೆ ದಾರಿಯಾಗಲೆಂದು, ದಿನಕ್ಕೆ ಎಷ್ಟು ಚಪಾತಿ ಮಾಡುತ್ತೀರಿ ಎಂದು ಕೇಳಿದೆ. ಡಬ್ಬಾ ಇಪ್ಪತ್ತಾರು, ಒಂದಕ್ಕೆ ನಾಲ್ಕು ಚಪಾತಿ, ಆದರೆ ಏಳು ಜನ ಮೂರೇ ಸಾಕೆನ್ನುತ್ತಾರೆ ಎಂದು ತಾಯಿ ಹೇಳಿ ಮುಗಿಸುವಷ್ಟರಲ್ಲಿ ರೇವತಿ ತಲೆಯೆತ್ತದೆಯೇ "ತೊಂಬತ್ತೇಳು" ಎಂದಳು. ಹೇಗೆ ಎಂದು ಕೇಳಿದಾಗ ಬಂದ ಉತ್ತರವನ್ನು ಹಾಗೆಯೇ ಬರೆದಿಟ್ಟಿದ್ದೇನೆ: "ಎಲ್ಲರೂ ನಾಲ್ಕು ತಿಂತಾರೆ ಅಂದ್ಕೊಂಡೆ. ಆಮೇಲೆ ಏಳು ಜನರ ಡಬ್ಬಾದಿಂದ ಒಂದೊಂದು ವಾಪಸ್ ತೆಗೆದೆ."

ಹತ್ತೊಂಬತ್ತು ಡಬ್ಬಾಗಳನ್ನು ನಾಲ್ಕರಿಂದ, ಏಳನ್ನು ಮೂರರಿಂದ ಗುಣಿಸಿ ಕೂಡಿಸುವುದು ನಾವು ಕಲಿಸುವ ದಾರಿ. ಅವಳು ಇಲ್ಲದ್ದನ್ನು ಇದೆಯೆಂದು ಎಣಿಸಿ, ಆಮೇಲೆ ತಿದ್ದಿಕೊಂಡಿದ್ದಳು. ಮುಂದೆ ಬೀಜಗಣಿತಕ್ಕೆ ಬೇಕಾಗುವ ಬುದ್ಧಿ ಇದೇ. ಇಷ್ಟು ಬರುವಾಗ ಆ ಬ್ಯಾಚಿನ ಪರೀಕ್ಷೆಯಲ್ಲಿ ಏನಾಯಿತು ಎಂದು ಕೇಳಿದೆ. ಅವಳು ನನ್ನ ಅಜ್ಞಾನಕ್ಕೆ ಅಚ್ಚರಿಪಟ್ಟವಳಂತೆ ನೋಡಿ ಹೇಳಿದಳು: "ಅದು ಕ್ಲಾಸಿಗೆ ಹೋಗುವ ಮಕ್ಕಳದ್ದಲ್ವಾ, ಮಿಸ್?"

ಮುಂಬಯಿಯಲ್ಲಿ ಕ್ಲಾಸ್ ಎಂದರೆ ಶಾಲೆಯ ತರಗತಿಯಲ್ಲ, ಹೊರಗೆ ಹಣ ಕೊಟ್ಟು ಹೋಗುವ ಟ್ಯೂಷನ್. ಮಗುವಿನ ಮಾತಿನಲ್ಲಿ ದೂರಿರಲಿಲ್ಲ. ಬಸ್ಸಿನಲ್ಲಿ ಈ ಸೀಟು ಹಿರಿಯ ನಾಗರಿಕರದ್ದು ಎನ್ನುವಂತೆ, ಎಲ್ಲರಿಗೂ ತಿಳಿದ ನಿಯಮವೊಂದನ್ನು ಅವಳು ನನಗೆ ನೆನಪಿಸಿದ್ದಳು. ಆ ಸಂಜೆ ಪಟ್ಟಿ ತೆಗೆದು ನೋಡಿದೆ. ಹದಿನೆಂಟು ಮಕ್ಕಳಲ್ಲಿ ಹದಿನಾರು ಮಂದಿ ಅಬ್ಯಾಕಸ್ ಅಥವಾ ಒಲಿಂಪಿಯಾಡ್ ಕ್ಲಾಸಿಗೆ ಹೋಗುವವರು. ಶೇ. 25ರ ಸೀಟಿನಲ್ಲಿ ಬಂದವರು ಒಬ್ಬರೂ ಇರಲಿಲ್ಲ. ರೇವತಿಯ ಉತ್ತರಪತ್ರಿಕೆಯೂ ಸಿಕ್ಕಿತು. ಇಪ್ಪತ್ತು ನಿಮಿಷಕ್ಕೆ ಮೂವತ್ತು ಪ್ರಶ್ನೆ, ಆಯ್ಕೆಗೆ ಇಪ್ಪತ್ತೆರಡು ಅಂಕ. ಅವಳು ಬರೆದದ್ದು ಹದಿನೇಳು, ಹದಿನೇಳೂ ಸರಿ. ಉಳಿದ ಹದಿಮೂರಕ್ಕೆ ಪೆನ್ಸಿಲ್ ತಾಗಿರಲಿಲ್ಲ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಬರುವ ಮಗುವಿಗೆ ಸಮಯ ಸಾಲದು ಎಂಬುದು ನಮಗೆ ಹೊಳೆದಿರಲಿಲ್ಲ. ನಾವು ಅಳೆದದ್ದು ಕೈಯ ವೇಗವನ್ನು, ಮತ್ತು ಆ ವೇಗವನ್ನು ಕೆಲವು ಮನೆಗಳು ಮೊದಲೇ ಕೊಂಡು ತಂದಿದ್ದವು.

ಕಾಯಿದೆಯ ಹದಿಮೂರನೆಯ ಕಲಂ ಪ್ರವೇಶದ ಹೊತ್ತಿನಲ್ಲಿ ಮಗುವನ್ನು ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಶೇ. 25ರ ಮಕ್ಕಳನ್ನು ಉಳಿದವರಿಂದ ಪ್ರತ್ಯೇಕಿಸಬಾರದು, ಬೇರೆ ಜಾಗದಲ್ಲಿ, ಬೇರೆ ಹೊತ್ತಿನಲ್ಲಿ ಪಾಠ ಮಾಡಬಾರದು ಎಂದು ಕೇಂದ್ರದ 2010ರ ಮಾದರಿ ನಿಯಮಗಳು ಹೇಳುತ್ತವೆ. ನಮ್ಮ ಶಾಲೆ ಇವನ್ನು ಅಕ್ಷರಶಃ ಮೀರಿರಲಿಲ್ಲ. ಆದರೂ ವಾರಕ್ಕೆರಡು ಸಲ ಯಾರು ಏಳುತ್ತಾರೆ, ಯಾರು ಕುಳಿತೇ ಇರುತ್ತಾರೆ ಎಂಬುದನ್ನು ಒಂಬತ್ತು ವರ್ಷದ ಮಗು ಸರಿಯಾಗಿ ಓದಿಕೊಂಡಿತ್ತು.

ತಾಯಿ ಬಂದದ್ದು ಬೇರೊಂದು ನಿರ್ಧಾರದೊಂದಿಗೆ. ಚೀಟಿಯ ಹಣ ಎತ್ತಿ ಮಗಳನ್ನು ಅಬ್ಯಾಕಸ್ ಕ್ಲಾಸಿಗೆ ಹಾಕುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಬೇಡವೆಂದು ಹೇಳಿದೆ. ಇದು ನನ್ನ ಅತ್ಯಂತ ಖಚಿತವಾದ ಸಲಹೆಯಾಗಿತ್ತು, ಇಂದಿಗೂ ಆಗಿದೆ. ಮಗುವಿಗೆ ಗಣಿತ ಬರುವುದಿಲ್ಲವೆಂಬ ತಪ್ಪು ತಿಳಿವಳಿಕೆ ಶಾಲೆಯದ್ದಾಗಿರುವಾಗ ಅದನ್ನು ತಿದ್ದುವ ಖರ್ಚು ಆ ಮನೆಯ ಮೇಲೆ ಬೀಳಬಾರದು; ಕ್ಲಾಸಿಗೆ ಹಣ ಕಟ್ಟಿದರೆ, ಆ ಬ್ಯಾಚ್ ಕ್ಲಾಸಿಗೆ ಹೋಗುವವರದ್ದೇ ಎಂಬ ಮಗಳ ನಂಬಿಕೆಯನ್ನು ನಾವೇ ಗಟ್ಟಿಮಾಡಿದಂತಾಗುತ್ತದೆ. ಡಬ್ಬಾದ ಲೆಕ್ಕವನ್ನು ಅವಳ ಕೈಗೇ ಕೊಡಿ, ಹಿಟ್ಟಿನ ಲೆಕ್ಕವನ್ನೂ ಕೊಡಿ, ಉತ್ತರಕ್ಕಿಂತ ಹೇಗೆ ಮಾಡಿದೆ ಎಂದು ಕನ್ನಡದಲ್ಲೇ ಕೇಳಿ ಎಂದೆ. ರೇವತಿಗೆ ಹೇಳಿದ್ದು ಇಷ್ಟೇ: ನಿನ್ನ ಹದಿನೇಳೂ ಸರಿಯಿದ್ದವು, ಅದನ್ನು ನಿನಗೆ ಯಾರೂ ಹೇಳಲಿಲ್ಲ, ಹೇಳದೇ ಇದ್ದದ್ದು ನಮ್ಮ ತಪ್ಪು.

ಶಾಲೆಗೆ ಕೊಟ್ಟ ಸಲಹೆ ಉದ್ದವಾಗಿತ್ತು. ಪಾಲಕರ ಅರ್ಜಿ, ಶಿಕ್ಷಕರ ಶಿಫಾರಸು ಎರಡನ್ನೂ ಬಿಟ್ಟು ಪ್ರತಿಯೊಂದು ಮಗುವನ್ನೂ ನೋಡಬೇಕು, ಗಡಿಯಾರವಿಲ್ಲದೆ ನೋಡಬೇಕು, ಬೇಕಾದವರಿಗೆ ಪ್ರಶ್ನೆಯನ್ನು ಮನೆಮಾತಿನಲ್ಲಿ ಓದಿ ಹೇಳಬೇಕು, ಪ್ರತಿ ಟರ್ಮಿಗೂ ಬಾಗಿಲು ಮತ್ತೆ ತೆರೆಯಬೇಕು ಎಂದು ಬರೆದುಕೊಟ್ಟೆ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಫ್ಲಾರಿಡಾದ ದೊಡ್ಡ ಶಾಲಾ ಜಿಲ್ಲೆಯೊಂದು 2005ರಲ್ಲಿ ಶಿಫಾರಸಿಗೆ ಕಾಯದೆ ಎರಡನೆಯ ತರಗತಿಯ ಮಕ್ಕಳೆಲ್ಲರನ್ನೂ ಪರೀಕ್ಷಿಸತೊಡಗಿತು. ಪ್ರತಿಭಾವಂತರ ಕಾರ್ಯಕ್ರಮಕ್ಕೆ ಬಡವರ, ಕಪ್ಪು ಮತ್ತು ಹಿಸ್ಪಾನಿಕ್ ಕುಟುಂಬಗಳ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚು ಸೇರಿದರೆಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ತೋರಿಸಿದ್ದಾರೆ. ಆ ಮಕ್ಕಳು ಅಲ್ಲೇ ಇದ್ದವರು, ಕಣ್ಣಿಗೆ ಬಿದ್ದಿರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಸಣ್ಣ ಮಕ್ಕಳನ್ನು ಹೀಗೆ ಎರಡು ಪಂಗಡ ಮಾಡುವುದೇ ತಪ್ಪು, ಬ್ಯಾಚನ್ನೇ ಮುಚ್ಚಬೇಕು, ನೀವು ಒಂದು ಮಗುವನ್ನು ಒಳಗೆ ತಳ್ಳಿ ವ್ಯವಸ್ಥೆಯನ್ನು ಉಳಿಸುತ್ತಿದ್ದೀರಿ ಎಂದರು. ಆ ಮಾತು ನನ್ನನ್ನು ಹಲವು ದಿನ ಕಾಡಿತು. ಬ್ಯಾಚಿನೊಳಗೆ ತಾಳಲಾರದೆ ಅಳುವ ಮಕ್ಕಳನ್ನೂ ನಾನು ಕಂಡಿದ್ದೇನೆ, ಅವರನ್ನು ಹಿಂದಕ್ಕೆ ಕರೆದುಕೊಳ್ಳಿ ಎಂದೂ ಪಾಲಕರಿಗೆ ಹೇಳಿದ್ದೇನೆ. ಆದರೂ ಮುಚ್ಚುವುದು ಪರಿಹಾರವೆಂದು ನನಗೆ ಅನಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಶಾಲೆಗಳು ಸಮಾನತೆಗಾಗಿಯೇ 2014ರಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನು ತೆಗೆದುಹಾಕಿದವು. ಅನುಕೂಲವಿದ್ದ ಮನೆಗಳು ಅದನ್ನು ಹೊರಗೆ ಹಣ ಕೊಟ್ಟು ಕಲಿಸಿದವು. 2024ರಲ್ಲಿ ಅದನ್ನು ಮರಳಿ ತರಲು ಶಾಲಾ ಮಂಡಳಿ ನಿರ್ಧರಿಸಿತು. ಗಲ್ಲಿಗಲ್ಲಿಯಲ್ಲೂ ಕ್ಲಾಸಿನ ಬೋರ್ಡು ತೂಗುವ ನಮ್ಮ ಊರಿನಲ್ಲಿ ಶಾಲೆ ಬಾಗಿಲು ಮುಚ್ಚಿದರೆ ಹದಿನಾರು ಮಕ್ಕಳಿಗೆ ಏನೂ ನಷ್ಟವಿಲ್ಲ, ರೇವತಿಗೆ ಮಾತ್ರ ಇದ್ದ ಒಂದೇ ಬಾಗಿಲೂ ಹೋಗುತ್ತದೆ.

ಶಾಲೆ ಅರ್ಧ ಒಪ್ಪಿತು. ದೀಪಾವಳಿ ರಜೆಯ ನಂತರ ಗಡಿಯಾರವಿಲ್ಲದ ಪರೀಕ್ಷೆಯನ್ನು ಎಲ್ಲರಿಗೂ ಕೊಟ್ಟರು. ಮನೆಮಾತಿನ ಸಹಾಯಕ್ಕೆ ಒಪ್ಪಲಿಲ್ಲ. ಹೊಸದಾಗಿ ಐದು ಮಕ್ಕಳು ಸೇರಿದರು, ಅವರಲ್ಲಿ ರೇವತಿಯೂ ಒಬ್ಬಳು. ಮೊದಲ ವಾರ ಅವಳು ಬಾಗಿಲ ಪಕ್ಕದ ಬೆಂಚಿನಲ್ಲಿ, ಪುಸ್ತಕ ತೆರೆಯದೆ ಕುಳಿತಿದ್ದಳೆಂದು ಶಿಕ್ಷಕಿ ಹೇಳಿದರು. ಹೊಟ್ಟೆನೋವು ಡಿಸೆಂಬರ್ ಹೊತ್ತಿಗೆ ನಿಂತಿತು. ತಾಯಿ ಮತ್ತೊಮ್ಮೆ ಬಂದು, ಬ್ಯಾಚಿಗೆ ಸೇರಿದ ಮೇಲಾದರೂ ಕ್ಲಾಸಿಗೆ ಹಾಕಬೇಕಲ್ಲವೇ ಎಂದು ಕೇಳಿದರು. ಮತ್ತೆ ಬೇಡವೆಂದೆ.

ಈಗ ಬರುವ ಜೂನಿನ ವೇಳಾಪಟ್ಟಿಯ ಕರಡು ಮೇಜಿನ ಮೇಲಿದೆ. ಅದರಲ್ಲಿ ಅಡ್ವಾನ್ಸ್ಡ್ ಬ್ಯಾಚನ್ನು ಶಾಲೆ ಶುರುವಾಗುವ ಮೊದಲಿನ ಹೊತ್ತಿಗೆ, ಬೆಳಿಗ್ಗೆ ಏಳು ಗಂಟೆಗೆ ಸರಿಸಿದ್ದಾರೆ. ಇಪ್ಪತ್ತಾರು ಡಬ್ಬಾಗಳಿಗೆ ಮುಚ್ಚಳ ಹಾಕುವ ಹೊತ್ತು ಅದು, ಚಪಾತಿ ಎಣಿಸಿ ಹಾಕುವವಳು ರೇವತಿ. ಪೀರಿಯಡ್ಡು ಶಾಲೆಯ ವೇಳೆಯೊಳಗೇ ಉಳಿಯಬೇಕೆಂದು ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.